ಗುಲ್‌ಮೊಹರ್: ತವರಲ್ಲೇ ಕಳೆದುಹೋಗಿದ್ದ ಮರ

ಚೈತ್ರ ಕಳೆದು ವೈಶಾಖ ಹತ್ತಿರವಾಗುತ್ತಿದ್ದಂತೆ ನಮ್ಮ ಊರುಗಳಲ್ಲಿ ಒಂದು ಮರ ಇದ್ದಕ್ಕಿದ್ದಂತೆ ಕಣ್ಣಿಗೆ ಬೀಳತೊಡಗುತ್ತದೆ. ಉಳಿದ ತಿಂಗಳುಗಳಲ್ಲಿ ಅದು ಅಲ್ಲಿದೆಯೆಂಬ ಪರಿವೆಯೇ ನಮಗಿರುವುದಿಲ್ಲ. ಎಲೆ ಉದುರಿಸಿಕೊಂಡು, ಕಪ್ಪನೆಯ ಉದ್ದನೆಯ ಕಾಯಿಗಳನ್ನು ಜೋತುಬಿಟ್ಟುಕೊಂಡು ಬರಿದಾಗಿ ನಿಂತಿದ್ದ ಮರ ಒಂದೆರಡು ವಾರಗಳಲ್ಲಿ ತುದಿಯಿಂದ ಬುಡದವರೆಗೆ ಕೆಂಪಾಗಿಬಿಡುತ್ತದೆ. ಶಾಲೆಯ ಅಂಗಳ, ರೈಲು ನಿಲ್ದಾಣ, ಸರ್ಕಾರಿ ವಸತಿಗೃಹಗಳ ಸಾಲು, ಆಸ್ಪತ್ರೆಯ ಆವರಣ, ಎಲ್ಲಿ ನೋಡಿದರೂ ಅದೇ. ಗುಲ್‌ಮೊಹರ್, ಮೇ ಫ್ಲವರ್, ಕತ್ತಿಕಾಯಿ ಮರ, ದೊಡ್ಡ ರತ್ನಗಂಧಿ ಎಂದು ನಾವು ಅದನ್ನು ನಾನಾ ಹೆಸರುಗಳಿಂದ ಕರೆಯುತ್ತೇವೆ.

ಈ ಮರದ ಪರಿಚಯವಿಲ್ಲದ ಮಕ್ಕಳು ನಮ್ಮಲ್ಲಿ ವಿರಳ. ಮೊಗ್ಗನ್ನು ಬಿಡಿಸಿ ಹೊರಗಿನ ಪುಷ್ಪಪತ್ರಗಳನ್ನು ಬೆರಳ ತುದಿಗೆ ಅಂಟಿಸಿಕೊಂಡು ‘ರಾಕ್ಷಸಿಯ ಉಗುರು’ ಮಾಡಿಕೊಂಡವರು, ಕೇಸರಗಳ ತಲೆಗೆ ತಲೆ ಸಿಕ್ಕಿಸಿ ಹುಂಜಗಳ ಕಾಳಗ ಆಡಿದವರು, ಹುಳಿಯಾಗಿದೆಯೆಂದು ಎಸಳನ್ನು ಅಗಿದವರು, ಒಣಗಿದ ಕಾಯಿಯನ್ನು ಕತ್ತಿಯಾಗಿಸಿ ಯುದ್ಧ ಹೂಡಿದವರು ಈ ಅಂಕಣದ ಓದುಗರಲ್ಲೂ ಅನೇಕರಿರಬಹುದು. ಇಷ್ಟು ಆಪ್ತವಾದ ಮರ ಅನಾದಿ ಕಾಲದಿಂದ ಇಲ್ಲಿಯದೇ ಎಂದು ಭಾವಿಸುವುದು ಸಹಜ.

ಆದರೆ ಗುಲ್‌ಮೊಹರ್‌ಗೂ ನಮಗೂ ಇರುವ ಸಂಬಂಧಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಅದು ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪದ ಮರ. ಅದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ, ಉಷ್ಣವಲಯದ ಬಹುಪಾಲು ನಗರಗಳಿಗೆ ಈ ಮರ ಹೋಗಿ ನೆಲೆಸಿದ ಮೇಲೂ ಅದು ತಾನಾಗಿ ಬೆಳೆಯುವ ಕಾಡು ಎಲ್ಲಿದೆಯೆಂಬುದು ಸುಮಾರು ನೂರು ವರ್ಷ ಸಸ್ಯಶಾಸ್ತ್ರಜ್ಞರಿಗೇ ತಿಳಿದಿರಲಿಲ್ಲ. ಜಗತ್ತೇ ಬಲ್ಲ ಮರವೊಂದು ತನ್ನ ತವರಿನಲ್ಲಿ ಕಳೆದುಹೋಗಿತ್ತು. ಅದು ಹೇಗಾಯಿತು, ಅದರಿಂದ ನಮಗೇನು ಎಂಬುದು ತಿಳಿಯಬೇಕಾದ ಕಥೆ.

ಕಾವ್ಯದಲ್ಲಿಲ್ಲದ ಹೂ

ನಮ್ಮ ನಾಡಿನ ವಸಂತಕ್ಕೆ ತನ್ನದೇ ಆದ ಕೆಂಪು ಮೊದಲಿನಿಂದಲೂ ಇದೆ. ಜನವರಿ ಕೊನೆಯ ಹೊತ್ತಿಗೆ ಬೂರುಗದ ಮರ ದಪ್ಪ ಎಸಳಿನ ಹೂಗಳನ್ನು ಅರಳಿಸುತ್ತದೆ. ಅದರ ಹಿಂದೆಯೇ ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಮುತ್ತುಗ ಕೆಂಡದಂತೆ ಉರಿಯುತ್ತದೆ. ಮಲೆನಾಡಿನ ಬೇಲಿಗಳಲ್ಲೂ ತೋಟಗಳಲ್ಲೂ ಹಾಲುವಾಣ ಕೆಂಪು ಗೊಂಚಲು ಬಿಡುತ್ತದೆ. ಸಂಸ್ಕೃತ ಕವಿಗಳು ಪಲಾಶವೆಂದೂ ಕಿಂಶುಕವೆಂದೂ ಬಣ್ಣಿಸಿದ್ದು ಈ ಮುತ್ತುಗವನ್ನೇ. ಅದರ ಎಲೆ ಊಟಕ್ಕೆ, ಹೂ ಓಕುಳಿಯ ಬಣ್ಣಕ್ಕೆ, ಸಮಿತ್ತು ಹೋಮಕ್ಕೆ, ಕೋಲು ಉಪನಯನದ ವಟುವಿನ ಕೈಗೆ ಬೇಕು. 1757ರ ಪ್ಲಾಸಿ ಕದನ ನಡೆದ ಪಲಾಶಿ ಗ್ರಾಮಕ್ಕೆ ಹೆಸರು ಬಂದದ್ದು ಕೂಡ ಇದೇ ಮರದಿಂದ.

ಹಳಗನ್ನಡ, ನಡುಗನ್ನಡ ಕಾವ್ಯಗಳ ವಸಂತವರ್ಣನೆಗಳಲ್ಲಿ ಮಾವು, ಮಲ್ಲಿಗೆ, ಅಶೋಕ, ಸಂಪಿಗೆ, ಮುತ್ತುಗಗಳು ಮತ್ತೆ ಮತ್ತೆ ಬರುತ್ತವೆ. ಗುಲ್‌ಮೊಹರ್ ಎಲ್ಲಿಯೂ ಇಲ್ಲ. ಯಾವ ವ್ರತಕ್ಕೂ ಅದು ಬೇಕಿಲ್ಲ, ಯಾವ ದೇವರಿಗೂ ಅದು ಪ್ರಿಯವೆಂಬ ಪ್ರತೀತಿಯಿಲ್ಲ. ಇಷ್ಟು ಎದ್ದುಕಾಣುವ ಮರವನ್ನು ನಮ್ಮ ಕವಿಗಳು ಕಂಡೂ ಬಿಟ್ಟರು ಎನ್ನಲಾಗದು. ಅವರ ಕಾಲದಲ್ಲಿ ಅದು ಇಲ್ಲಿರಲಿಲ್ಲ, ಅಷ್ಟೆ.

ಹೈದರ್ ಅಲಿ 1760ರಲ್ಲಿ ಆರಂಭಿಸಿದ, ಟಿಪ್ಪು ಬೆಳೆಸಿದ ಲಾಲ್‌ಬಾಗಿನಲ್ಲೂ ಅದು ಇದ್ದಿರಲಾರದು. ಟಿಪ್ಪುವಿಗೆ ಮಾರಿಷಸ್‌ನ ಫ್ರೆಂಚರೊಂದಿಗೆ ಸಂಪರ್ಕವಿತ್ತು. ಆತನ ರಾಯಭಾರಿಗಳು 1798ರ ಆರಂಭದಲ್ಲಿ ಆ ದ್ವೀಪದಲ್ಲಿದ್ದರು. ಗುಲ್‌ಮೊಹರ್ ಹೊರಜಗತ್ತಿಗೆ ಹೊರಟದ್ದೂ ಮಾರಿಷಸ್ ಮೂಲಕವೇ. ಆದರೆ ಅದು ಸಸ್ಯಶಾಸ್ತ್ರದ ದಾಖಲೆಗೆ ಬಂದದ್ದು 1799ರಲ್ಲಿ ಟಿಪ್ಪು ಮಡಿದು ಮೂರು ದಶಕ ಕಳೆದ ಮೇಲೆ.

ಫೂಲ್‌ಪ್ವಾಂತ್‌ನ ಮರ

1810ರಲ್ಲಿ ಮಾರಿಷಸ್ ಫ್ರೆಂಚರ ಕೈಯಿಂದ ಬ್ರಿಟಿಷರ ಕೈಗೆ ಬಂತು. ಅಲ್ಲಿನ ಗವರ್ನರ್ ರಾಬರ್ಟ್ ಫಾರ್ಕ್ವರ್ ನೆರೆಯ ಮಡಗಾಸ್ಕರ್‌ನ ಅರಸ ಒಂದನೆಯ ರಾಡಾಮನೊಡನೆ 1817ರಲ್ಲಿ ಒಪ್ಪಂದ ಮಾಡಿಕೊಂಡ. ದ್ವೀಪದಿಂದ ಗುಲಾಮರನ್ನು ಹೊರಕ್ಕೆ ಸಾಗಿಸುವ ವ್ಯಾಪಾರವನ್ನು ನಿಲ್ಲಿಸುವುದು ಅದರ ಮುಖ್ಯ ಷರತ್ತು. ಹೀಗೆ ಬಾಗಿಲು ತೆರೆದ ಮಡಗಾಸ್ಕರ್‌ಗೆ ಹೋದವರಲ್ಲಿ ವೆನ್ಸೆಸ್ಲಾಸ್ ಬೋಯರ್ ಒಬ್ಬ. ಇಂದಿನ ಚೆಕ್ ಗಣರಾಜ್ಯದ ಬೊಹೀಮಿಯದಲ್ಲಿ 1795ರಲ್ಲಿ ಹುಟ್ಟಿದ ಈ ಸಸ್ಯಶಾಸ್ತ್ರಜ್ಞ 1821ರಲ್ಲಿ ಮಾರಿಷಸ್‌ಗೆ ಬಂದು, ಜೀವನದ ಹೆಚ್ಚಿನ ಭಾಗವನ್ನು ಅಲ್ಲೇ ಕಳೆದು, 1856ರಲ್ಲಿ ಅಲ್ಲೇ ತೀರಿಕೊಂಡ.

ಮಡಗಾಸ್ಕರ್‌ನ ಪೂರ್ವ ಕರಾವಳಿಯಲ್ಲಿ ಫೂಲ್‌ಪ್ವಾಂತ್ ಎಂಬ ಬಂದರು ಊರಿದೆ. ಬೋಯರ್ ಈ ಕೆಂಪು ಹೂವಿನ ಮರವನ್ನು ಕಂಡದ್ದು ಅಲ್ಲಿ. ಅವನ ಕೈಯಿಂದ ಅದು ಮಾರಿಷಸ್‌ಗೆ ಬಂತು. ಅಲ್ಲಿಂದ ಕಳುಹಿಸಿದ ವಿವರಗಳ ಆಧಾರದ ಮೇಲೆ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಲಿಯಂ ಜ್ಯಾಕ್ಸನ್ ಹೂಕರ್ ತಾನು ಸಂಪಾದಿಸುತ್ತಿದ್ದ ‘ಕರ್ಟಿಸ್ ಬೊಟಾನಿಕಲ್ ಮ್ಯಾಗಝೀನ್’ ಪತ್ರಿಕೆಯಲ್ಲಿ 1829ರಲ್ಲಿ ಅದರ ವರ್ಣನೆಯನ್ನೂ ಬಣ್ಣದ ಚಿತ್ರವನ್ನೂ ಪ್ರಕಟಿಸಿದ. ಬೋಯರ್ ಇಟ್ಟ ಹೆಸರು ‘ಪೊಯಿನ್ಸಿಯಾನ ರೀಜಿಯ’. ರೀಜಿಯ ಎಂದರೆ ರಾಜಯೋಗ್ಯವಾದದ್ದು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಫೂಲ್‌ಪ್ವಾಂತ್‌ನಲ್ಲಿದ್ದದ್ದು ಜನ ನೆಟ್ಟು ಬೆಳೆಸಿದ ಮರ, ಕಾಡಿನ ಮರವಲ್ಲ. ಮಡಗಾಸ್ಕರ್ ನಮ್ಮ ಕರ್ನಾಟಕದ ಮೂರರಷ್ಟು ವಿಸ್ತೀರ್ಣವುಳ್ಳ ದ್ವೀಪ. ಅದರ ಪೂರ್ವದ ಅಂಚು ವರ್ಷವಿಡೀ ಮಳೆ ಸುರಿಯುವ, ನಮ್ಮ ಆಗುಂಬೆಯಂಥ ದಟ್ಟ ಕಾಡಿನ ಪ್ರದೇಶ. ಗುಲ್‌ಮೊಹರ್‌ನಂಥ ಎಲೆ ಉದುರಿಸುವ ಮರದ ಸಹಜ ನೆಲೆ ಅದಲ್ಲ. ಯಾರೋ ಎಲ್ಲಿಂದಲೋ ತಂದು ಅಲ್ಲಿ ನೆಟ್ಟಿದ್ದರು. ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಸಿಗುವ ಮುನ್ನವೇ ಬೀಜಗಳು ಹಡಗು ಹತ್ತಿಬಿಟ್ಟವು.

ಎರವಲು ಹೆಸರುಗಳು

ಹೊಸ ನೆಲಕ್ಕೆ ಹೋದ ಮರಕ್ಕೆ ಹೆಸರು ಬೇಕು. ಗುಲ್‌ಮೊಹರ್‌ನ ವಿಶೇಷವೆಂದರೆ ಅದರ ಬಹುಪಾಲು ಹೆಸರುಗಳು ಎರವಲಿನವು. ಅದರಲ್ಲೂ ಹಲವು ಒಂದೇ ಗಿಡದಿಂದ ಪಡೆದವು. ಆ ಗಿಡ ನಮ್ಮ ಹಿತ್ತಿಲುಗಳಲ್ಲಿ ವರ್ಷವಿಡೀ ಕೆಂಪು ಹಳದಿ ಹೂ ಬಿಡುವ ರತ್ನಗಂಧಿ.

ಮೊದಲು ಪೊಯಿನ್ಸಿಯಾನ ಎಂಬ ಹೆಸರನ್ನೇ ನೋಡೋಣ. ಕೆರಿಬಿಯನ್ ದ್ವೀಪ ಸೇಂಟ್ ಕಿಟ್ಸ್‌ನಲ್ಲಿ ಹದಿನೇಳನೆಯ ಶತಮಾನದಲ್ಲಿ ದ ಪ್ವಾಂಸಿ ಎಂಬ ಫ್ರೆಂಚ್ ಗವರ್ನರ್ ಇದ್ದ. ಅವನ ನೆನಪಿಗೆ ಸಸ್ಯಶಾಸ್ತ್ರಜ್ಞರು ರತ್ನಗಂಧಿಗೆ ಪೊಯಿನ್ಸಿಯಾನ ಎಂದು ಹೆಸರಿಟ್ಟರು. ಲಿನೆಯಸ್ ಕೂಡ 1753ರಲ್ಲಿ ಅದನ್ನೇ ಉಳಿಸಿಕೊಂಡ. ಮುಂದೆ ಬೋಯರ್ ಕಂಡ ಮರದ ಹೂ ರತ್ನಗಂಧಿಯನ್ನು ಹೋಲುತ್ತಿದ್ದುದರಿಂದ ಅದನ್ನೂ ಅದೇ ಕುಲಕ್ಕೆ ಸೇರಿಸಲಾಯಿತು. ಗುಲ್‌ಮೊಹರನ್ನು ಕೆರಿಬಿಯನ್‌ಗೆ ತಂದವನೇ ಪ್ವಾಂಸಿ ಎಂದು ಹೇಳುವವರುಂಟು. ಪ್ವಾಂಸಿ ಸತ್ತದ್ದು 1660ರಲ್ಲಿ. ತನ್ನ ಹೆಸರು ಹೊತ್ತ ಈ ಮರವನ್ನು ಅವನು ಕಂಡಿರಲಿಕ್ಕಿಲ್ಲ.

ಇನ್ನು ಗುಲ್‌ಮೊಹರ್. ಇದರಲ್ಲಿ ಮೊಹರು ಇದೆ, ಅಂದರೆ ಚಿನ್ನದ ನಾಣ್ಯವಿದೆ ಎಂದು ಸಾಮಾನ್ಯ ನಂಬಿಕೆ. ಇಂಗ್ಲಿಷರು ಇದನ್ನು ‘ಗೋಲ್ಡ್ ಮೊಹರ್’ ಎಂದೇ ಮಾಡಿಕೊಂಡರು. ಆದರೆ ಚಿನ್ನಕ್ಕೂ ಈ ಕಡುಗೆಂಪಿಗೂ ಏನು ಸಂಬಂಧ? ಭಾರತದಲ್ಲಿದ್ದ ಇಂಗ್ಲಿಷರ ಮಾತುಗಳ ಹೆಸರಾಂತ ನಿಘಂಟು ‘ಹಾಬ್ಸನ್-ಜಾಬ್ಸನ್’ 1886ರಲ್ಲಿ ಬೇರೆ ವಿವರಣೆ ಕೊಟ್ಟಿತು. ಮೂಲ ಪದ ‘ಗುಲ್‌ಮೋರ್’, ಅಂದರೆ ನವಿಲಿನ ಹೂ ಎಂದು ಹೇಳುತ್ತಾರೆ ಎಂಬುದು ಅದರ ಮಾತು. ಯುರೋಪಿನ ಸಸ್ಯಗ್ರಂಥಗಳಲ್ಲೂ ರತ್ನಗಂಧಿಗೆ ನವಿಲ ಹೂ ಎಂಬರ್ಥದ ಲ್ಯಾಟಿನ್ ಹೆಸರಿತ್ತು. ಆ ನಿಘಂಟು ಗೋಲ್ಡ್ ಮೊಹರ್ ಎಂದು ಗುರುತಿಸಿದ್ದು ನಮ್ಮ ಕೆಂಪು ಮರವನ್ನಲ್ಲ, ರತ್ನಗಂಧಿಯನ್ನು ಎಂಬುದು ಗಮನಾರ್ಹ. ಹೆಸರು ಮೊದಲು ಚಿಕ್ಕ ಗಿಡದ್ದಾಗಿದ್ದು, ಬಳಿಕ ದೊಡ್ಡ ಮರಕ್ಕೆ ದಾಟಿತೆಂದು ಇದರಿಂದ ಊಹಿಸಬಹುದು. ಕನ್ನಡದಲ್ಲಿ ಆ ದಾಟುವಿಕೆ ಹೆಸರಿನಲ್ಲೇ ಉಳಿದುಕೊಂಡಿದೆ. ದೊಡ್ಡ ರತ್ನಗಂಧಿ ಎಂದವರು ಇದು ಹೊಸದು, ಹಳೆಯದರಂತೆ ಇದೆ, ಅದಕ್ಕಿಂತ ದೊಡ್ಡದು ಎಂಬ ಮೂರು ಸಂಗತಿಗಳನ್ನೂ ಒಟ್ಟಿಗೆ ಹೇಳಿದರು.

ತೆಲುಗರು ಇನ್ನೂ ಸೂಕ್ಷ್ಮವಾಗಿ ನೋಡಿದಂತಿದೆ. ಅಲ್ಲಿ ಇದಕ್ಕೆ ‘ಸೀಮ ಸುಂಕೇಸುಲ’ ಎಂಬ ಹೆಸರಿದೆ. ಸೀಮೆ ಎಣ್ಣೆ, ಸೀಮೆಸುಣ್ಣ, ಸೀಮೆಬದನೆಗಳಲ್ಲಿರುವ ಸೀಮೆಯೇ ಇದು, ಅಂದರೆ ಹೊರದೇಶದ್ದು. ಸುಂಕೇಸುಲ ಎಂದರೆ ನಮ್ಮ ಹಳ್ಳಿಗರು ವಾತನಾರಾಯಣ ಎಂದು ಕರೆಯುವ, ಬಿಳಿಯಾಗಿ ಅರಳಿ ಹಳದಿಗೆ ತಿರುಗುವ ಹೂವಿನ ಮರ. ಅದರ ಸೊಪ್ಪನ್ನು ಕೀಲುನೋವಿಗೆ ಕಟ್ಟುವ ರೂಢಿ ಬಯಲುಸೀಮೆಯಲ್ಲಿದೆ. ವಿಜ್ಞಾನದ ಲೆಕ್ಕದಲ್ಲೂ ಗುಲ್‌ಮೊಹರ್‌ನ ಒಡಹುಟ್ಟು ರತ್ನಗಂಧಿಯಲ್ಲ, ಈ ವಾತನಾರಾಯಣವೇ. ರಾಫಿನೆಸ್ಕ್ ಎಂಬ ಸಸ್ಯಶಾಸ್ತ್ರಜ್ಞ 1837ರಲ್ಲಿ ಗುಲ್‌ಮೊಹರನ್ನು ಪೊಯಿನ್ಸಿಯಾನದಿಂದ ಬಿಡಿಸಿ ‘ಡೆಲೊನಿಕ್ಸ್’ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದ. ಈಗ ವಾತನಾರಾಯಣವೂ ಅದೇ ಕುಲದಲ್ಲಿದೆ. ಡೆಲೊನಿಕ್ಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಎದ್ದುಕಾಣುವ ಉಗುರು. ಹೂವಿನ ಎಸಳುಗಳ ಬುಡ ಉಗುರಿನಂತೆ ಕಿರಿದಾಗಿ ಉದ್ದವಾಗಿರುವುದರಿಂದ ಈ ಹೆಸರು. ನಮ್ಮ ಮಕ್ಕಳಿಗೂ ಈ ಹೂವಿನಲ್ಲಿ ಉಗುರೇ ಕಂಡದ್ದು ಆಕಸ್ಮಿಕ. ಅವರು ಬಳಸುವುದು ಮಾತ್ರ ಎಸಳನ್ನಲ್ಲ, ಅದರ ಹೊರಗಿನ ಪುಷ್ಪಪತ್ರವನ್ನು.

ಉಪಯೋಗವಿಲ್ಲದ ಮರದ ದಿಗ್ವಿಜಯ

ಹತ್ತೊಂಬತ್ತನೆಯ ಶತಮಾನದ ಸಸ್ಯೋದ್ಯಾನಗಳು ಬರಿಯ ವಿಹಾರದ ತಾಣಗಳಾಗಿರಲಿಲ್ಲ. ಮಾರಿಷಸ್‌ನ ಪಾಂಪ್ಲೆಮೂಸ್, 1787ರಲ್ಲಿ ಸ್ಥಾಪನೆಯಾದ ಕಲ್ಕತ್ತದ ಉದ್ಯಾನ, ಲಂಡನ್ನಿನ ಕ್ಯೂ ಇವೆಲ್ಲ ಲಾಭದ ಗಿಡಗಳನ್ನು ಒಂದು ವಸಾಹತಿನಿಂದ ಇನ್ನೊಂದಕ್ಕೆ ದಾಟಿಸುವ ಕೇಂದ್ರಗಳು. ಲವಂಗ, ಜಾಯಿಕಾಯಿ, ಚಹಾ, ಸಿಂಕೋನ ಎಲ್ಲವೂ ಈ ಜಾಲದಲ್ಲಿ ಓಡಾಡಿದವು. ನಾವು ಪಚ್ಚಬಾಳೆಯೆಂದು ತಿನ್ನುವ ಕ್ಯಾವೆಂಡಿಷ್ ಬಾಳೆ ಕೂಡ ಚೀನಾದಿಂದ ಮಾರಿಷಸ್‌ಗೆ, ಅಲ್ಲಿಂದ 1829ರ ಸುಮಾರಿಗೆ ಇಂಗ್ಲೆಂಡಿಗೆ ಹೋಗಿ ಜಗತ್ತಿಗೆ ಹರಡಿತು. ಮಾರಿಷಸ್‌ನಿಂದ ಮದರಾಸು, ಕಲ್ಕತ್ತ, ಬೊಂಬಾಯಿಗಳಿಗೆ ಹಡಗುಗಳ ಓಡಾಟ ಎಡೆಬಿಡದೆ ಇತ್ತು. 1834ರಿಂದ ಕಬ್ಬಿನ ಗದ್ದೆಗಳಿಗೆ ಭಾರತದ ಕೂಲಿಗಳನ್ನು ಕೊಂಡೊಯ್ಯಲು ಆರಂಭಿಸಿದ ಮೇಲಂತೂ ಅದು ಇನ್ನೂ ಹೆಚ್ಚಿತು. ಗುಲ್‌ಮೊಹರ್ ಭಾರತಕ್ಕೆ ಬಂದು ನೆಲೆಯೂರಿದ್ದು ಈ ಅವಧಿಯಲ್ಲಿಯೇ.

ಉಳಿದ ಗಿಡಗಳಿಗೆ ಬೆಲೆಯಿತ್ತು. ಗುಲ್‌ಮೊಹರ್‌ಗೆ ಏನಿತ್ತು? ಅದರ ಕಟ್ಟಿಗೆ ಮೆದು, ತೊಲೆಗೆ ಆಗದು. ಹಣ್ಣಿಲ್ಲ, ಹೇಳಿಕೊಳ್ಳುವಂಥ ಎಣ್ಣೆಯಿಲ್ಲ, ಸುಗಂಧವಿಲ್ಲ. ಚೆಲುವೊಂದೇ ಅದರ ಬಂಡವಾಳ. ಆದರೆ ಪ್ರಯಾಣಕ್ಕೆ ಬೇಕಾದ ಗುಣ ಮಾತ್ರ ಅದಕ್ಕೆ ಧಾರಾಳವಾಗಿತ್ತು. ಒಂದೂವರೆ ಎರಡು ಅಡಿ ಉದ್ದದ, ಮರದಷ್ಟು ಗಟ್ಟಿಯಾದ ಕಾಯಿಯೊಳಗೆ ಸಾಲಾಗಿ ಬೀಜಗಳಿರುತ್ತವೆ. ಬೀಜದ ಸಿಪ್ಪೆ ನೀರನ್ನು ಸುಲಭವಾಗಿ ಒಳಬಿಡದು. ಬಿಸಿನೀರಿನಲ್ಲಿ ನೆನೆಸಿದರೆ ಅಥವಾ ಸಿಪ್ಪೆಯನ್ನು ತುಸು ಉಜ್ಜಿದರೆ ಮಾತ್ರ ಬೇಗ ಮೊಳೆಯುತ್ತದೆ. ಸಸಿಗಳನ್ನು ಹಡಗಿನಲ್ಲಿ ಕೊಂಡೊಯ್ಯುವಾಗ ಉಪ್ಪುಗಾಳಿಗೆ ಸಾಯುತ್ತಿದ್ದುದೇ ಹೆಚ್ಚು. ಈ ಬೀಜವನ್ನಾದರೆ ಜೇಬಿನಲ್ಲಿ ಹಾಕಿಕೊಂಡು ತಿಂಗಳುಗಟ್ಟಲೆ ಸಾಗಬಹುದಿತ್ತು. ಬಿತ್ತಿದ ಮೇಲೆ ಮರ ಭರದಿಂದ ಬೆಳೆಯುತ್ತದೆ, ಕೆಲವೇ ವರ್ಷಗಳಲ್ಲಿ ಹೂ ಬಿಡುತ್ತದೆ, ಕೊಡೆಯಂತೆ ಅಗಲವಾಗಿ ಹರಡುತ್ತದೆ. ದಂಡುಪ್ರದೇಶಗಳನ್ನೂ ಹೊಸ ಬಡಾವಣೆಗಳನ್ನೂ ಕಟ್ಟುತ್ತಿದ್ದವರಿಗೆ ಇದಕ್ಕಿಂತ ಇನ್ನೇನು ಬೇಕಿತ್ತು?

ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರೂನ್ 1874ರಿಂದ ಅದರ ಹೊಣೆ ಹೊತ್ತು ದೇಶವಿದೇಶಗಳ ಸಸ್ಯಗಳನ್ನು ತರಿಸಿದ. ಬರೋಡೆಯಲ್ಲಿ ಕೆಲಸ ಮಾಡಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಮತ್ತೊಂದು ಅರಳುವಂತೆ ರಸ್ತೆಗಳಲ್ಲಿ ಸರದಿಯ ಮೇಲೆ ಹೂಮರಗಳನ್ನು ಬೆಳೆಸುವುದು ಅವನ ಕಲ್ಪನೆ. ಈ ಸರದಿಯಲ್ಲಿ ಬೇಸಗೆಯ ನಡುಭಾಗ ಗುಲ್‌ಮೊಹರ್‌ನದು. ಬೆಂಗಳೂರಿಗೆ ಉದ್ಯಾನನಗರಿ ಎಂಬ ಕೀರ್ತಿ ತಂದ ಹೂಮರಗಳಲ್ಲಿ ಬಹುಪಾಲು ಹೀಗೆ ಕಡಲು ದಾಟಿ ಬಂದವೇ ಎಂಬುದನ್ನು ಮರೆಯುವಂತಿಲ್ಲ.

ಎಲ್ಲರೂ ನಮ್ಮದೆಂದರು

ಹೋದ ಕಡೆಯಲ್ಲೆಲ್ಲ ಈ ಮರವನ್ನು ಜನ ತಮ್ಮದಾಗಿಸಿಕೊಂಡರು. ಚೀನೀಯರು ಅದನ್ನು ಫೀನಿಕ್ಸ್ ಹಕ್ಕಿಗೆ ಹೋಲಿಸಿದರು. ವಿಯೆಟ್ನಾಮಿನಲ್ಲಿ ಅದರ ಹೆಸರಿಗೆ ಆ ಹಕ್ಕಿಯ ಬಾಲವೆಂದು ಅರ್ಥ. ಶಾಲೆಗಳು ಮುಗಿಯುವ ಹೊತ್ತಿಗೆ ಅರಳುವುದರಿಂದ ಅಲ್ಲಿ ಅದು ಸಹಪಾಠಿಗಳು ಅಗಲುವ ದುಃಖದ ಸಂಕೇತ. ಹೈಫಾಂಗ್ ನಗರಕ್ಕೆ ಈ ಕೆಂಪು ಹೂವಿನ ನಗರವೆಂಬ ಬಿರುದೇ ಇದೆ. ಪೋರ್ಟೊರಿಕೊದ ಜನರಿಗೆ ಅದು ‘ಫ್ಲಾಂಬೊಯಾನ್’, ಉರಿಯುವ ಮರ. ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ಡಿಸೆಂಬರಿನಲ್ಲಿ ಬೇಸಗೆ. ನಮಗೆ ವೈಶಾಖದ ಗುರುತಾದ ಹೂ ಅವರಿಗೆ ಕ್ರಿಸ್ಮಸ್ಸಿನ ಗುರುತು.

ಕೇರಳದಲ್ಲಿ ಅದಕ್ಕೆ ಕಾಲ್ವರಿಯ ಹೂ ಎಂಬ ಹೆಸರೊಂದಿದೆ. ಏಸುವನ್ನು ಶಿಲುಬೆಗೇರಿಸಿದ ಸ್ಥಳದಲ್ಲಿ ಈ ಮರವಿತ್ತೆಂದೂ, ಆತನ ರಕ್ತ ಬಿದ್ದು ಹೂ ಕೆಂಪಾಯಿತೆಂದೂ ಕಥೆ. ಬಂಗಾಳದಲ್ಲಿ ಅದು ‘ಕೃಷ್ಣಚೂಡಾ’, ಕೃಷ್ಣನ ಮುಡಿ. ಹಿಂದಿಯ ದುಷ್ಯಂತ್ ಕುಮಾರ್ 1975ರ ‘ಸಾಯೆ ಮೇಂ ಧೂಪ್’ ಸಂಕಲನದಲ್ಲಿ ಸ್ವಂತ ಅಂಗಳದ ಅಭಿಮಾನಕ್ಕೆ ಪ್ರತೀಕವಾಗಿ ಆರಿಸಿಕೊಂಡದ್ದು ಗುಲ್‌ಮೊಹರನ್ನೇ. ಪುರಾಣ ಹುಟ್ಟಲು ಸಾವಿರಾರು ವರ್ಷ ಬೇಕೆಂದು ನಾವು ತಿಳಿದಿದ್ದೇವೆ. ಈ ಮರದ ಮಟ್ಟಿಗೆ ನಾಲ್ಕಾರು ತಲೆಮಾರು ಸಾಕಾಯಿತು.

ಸಿಕ್ಕಿದ ಕಾಡು

ಇಷ್ಟೆಲ್ಲ ನಡೆಯುತ್ತಿದ್ದಾಗ ಮೂಲದ ಪ್ರಶ್ನೆ ಹಾಗೆಯೇ ಉಳಿದಿತ್ತು. ಕಾಡಿನಲ್ಲಿ ಈ ಮರ ಅಳಿದೇಹೋಗಿರಬೇಕು, ಉಳಿದಿರುವುದು ಉದ್ಯಾನಗಳಲ್ಲಿ ಮಾತ್ರ ಎಂಬ ಅನುಮಾನವೂ ಹುಟ್ಟಿತ್ತು. 1932ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಜಾಕ್ ಲೆಯಾಂದ್ರಿ ಮಡಗಾಸ್ಕರ್‌ನ ಪಶ್ಚಿಮ ಭಾಗದ ಒಣಕಾಡುಗಳಲ್ಲಿ ಅದನ್ನು ಮತ್ತೆ ಕಂಡ. ಬೋಯರ್ ನಿಂತಿದ್ದ ಕರಾವಳಿಗೆ ಅದು ತದ್ವಿರುದ್ಧ ದಿಕ್ಕು.

ಆ ನೆಲೆಯ ಹೆಸರು ಬೆಮಾರಾಹ. ಮಳೆನೀರು ಸುಣ್ಣಕಲ್ಲನ್ನು ಕೊರೆದು ಕೊರೆದು, ಸೂಜಿಮೊನೆಯಂಥ ಸಾವಿರಾರು ಕಲ್ಲುಗೋಪುರಗಳನ್ನು ಅಲ್ಲಿ ನಿಲ್ಲಿಸಿದೆ. ಇಂಥ ಕಲ್ಲಿಗೆ ಸ್ಥಳೀಯರು ‘ಚಿಂಗಿ’ ಎನ್ನುತ್ತಾರೆ. ಕಾಲಿಡಲು ಕಷ್ಟವಾದ ಈ ಕಲ್ಲುಗಾಡಿನ ಬಿರುಕುಗಳಲ್ಲೂ ಅಂಚುಗಳಲ್ಲೂ ಗುಲ್‌ಮೊಹರ್ ಬೆಳೆಯುತ್ತದೆ. ಉತ್ತರದ ಸುಣ್ಣಕಲ್ಲಿನ ಪ್ರದೇಶಗಳಲ್ಲೂ ಅದು ಉಂಟು. ವರ್ಷದಲ್ಲಿ ಏಳೆಂಟು ತಿಂಗಳು ಅಲ್ಲಿ ಮಳೆಯಿಲ್ಲ. ಡೆಲೊನಿಕ್ಸ್ ಕುಲದ ಹತ್ತು ಹನ್ನೆರಡು ಪ್ರಭೇದಗಳಲ್ಲಿ ಹೆಚ್ಚಿನವು ಮಡಗಾಸ್ಕರ್‌ನಲ್ಲಿ ಮಾತ್ರ ಇವೆ. ಅವುಗಳ ನಡುವೆ ಊರು ಬಿಟ್ಟು ಜಗತ್ತು ಸುತ್ತಿದ್ದು ಇದೊಂದೇ. ಬೆಮಾರಾಹ 1990ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2023ರಲ್ಲಿ ದ್ವೀಪದ ಇತರ ಕೆಲವು ಒಣಕಾಡುಗಳನ್ನೂ ಅದಕ್ಕೆ ಜೋಡಿಸಲಾಯಿತು.

ಕಾಡು ಸಿಕ್ಕಿತೆಂದು ನಿಶ್ಚಿಂತರಾಗುವಂತಿಲ್ಲ. ಮಡಗಾಸ್ಕರ್‌ನ ಪಟ್ಟಣಗಳಲ್ಲಿ ಅಡುಗೆಗೆ ಬಹುಮಟ್ಟಿಗೆ ಇದ್ದಿಲೇ ಆಧಾರ. ಕಾಡನ್ನು ಸುಟ್ಟು ಬೆಳೆ ತೆಗೆಯುವ ರೂಢಿಯೂ ಇದೆ. ಬಡತನ ಹೆಚ್ಚಿದಷ್ಟೂ ಒಣಕಾಡು ಕರಗುತ್ತಿದೆ. ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟ ಮೊದಲು ಕಾಡಿನ ಗುಲ್‌ಮೊಹರನ್ನು ಅಪಾಯದ ಅಂಚಿನ ಪಟ್ಟಿಗೆ ಸೇರಿಸಿತ್ತು. ಇನ್ನಷ್ಟು ನೆಲೆಗಳು ತಿಳಿದುಬಂದ ಮೇಲೆ ಆ ತೀರ್ಮಾನವನ್ನು ಸಡಿಲಿಸಿತು. ಆದರೂ ಅದರ ಕಾಡು ಹರಕು ಹರಕಾಗಿಯೇ ಇದೆ.

ಜಗತ್ತಿನ ತುಂಬ ಮರಗಳಿರುವಾಗ ಆ ಕಾಡಿನ ನಾಲ್ಕು ಮರಗಳ ಚಿಂತೆ ಏಕೆ ಎಂದು ಕೇಳಬಹುದು. ಉದ್ಯಾನದವರು ಆರಿಸಿಕೊಂಡು ಹರಡಿದ್ದು ಹೂವನ್ನು ನೋಡಿ. ಬರವನ್ನು ತಾಳುವ, ಕೀಟವನ್ನು ಎದುರಿಸುವ, ಕಲ್ಲಿನಲ್ಲಿ ಬೇರು ಬಿಡುವ ನಾನಾ ಬಗೆಯ ಗುಣಗಳನ್ನು ಪರೀಕ್ಷಿಸಿ ಉಳಿಸಿಕೊಂಡು ಬಂದದ್ದು ಕಾಡು. ಊರಿನ ಮರಗಳಿಗೆ ನಾಳೆ ಹೊಸ ರೋಗವೊಂದು ಬಂದರೆ ಉತ್ತರ ಹುಡುಕಬೇಕಾದದ್ದು ಅಲ್ಲಿಯೇ.

ದೇಶಿಯೋ, ವಿದೇಶಿಯೋ

ತವರು ತಿಳಿದರೆ ನಡತೆಯೂ ಅರ್ಥವಾಗುತ್ತದೆ. ಪ್ರತಿವರ್ಷ ಮುಂಗಾರಿನ ಮುನ್ನ ಗಾಳಿಮಳೆ ಬಂದಾಗ ನಗರಗಳಲ್ಲಿ ಮುರಿದುಬೀಳುವ ಮರಗಳಲ್ಲಿ ಗುಲ್‌ಮೊಹರ್ ಇದ್ದೇ ಇರುತ್ತದೆ. ಕೂಡಲೇ ಪರದೇಶದ ಈ ಮರಗಳನ್ನು ಕಿತ್ತುಹಾಕಿ ಎಂಬ ಕೂಗೇಳುತ್ತದೆ. ಮೆದು ಕಟ್ಟಿಗೆ, ಮೇಲ್ಪದರದಲ್ಲೇ ಹರಡುವ ಬೇರು, ಅಗಲವಾದ ಹಂದರ ಇವು ಅದರ ಹುಟ್ಟುಗುಣ. ಅಂಥ ಬೇರನ್ನು ಒಂದು ಬದಿಯಲ್ಲಿ ಚರಂಡಿಗೆಂದು, ಇನ್ನೊಂದು ಬದಿಯಲ್ಲಿ ಕೇಬಲ್ಲಿಗೆಂದು ಕಡಿದು, ಬುಡದವರೆಗೆ ಕಾಂಕ್ರೀಟು ಸುರಿದು, ವಿದ್ಯುತ್ ತಂತಿಗೆ ತಾಗುತ್ತದೆಂದು ಒಂದೇ ಪಕ್ಕದ ಕೊಂಬೆಗಳನ್ನು ಸವರಿದರೆ ಮರ ಬೀಳದೆ ಏನಾದೀತು? ತಪ್ಪು ಮರ ಹುಟ್ಟಿದ ದೇಶದ್ದಲ್ಲ, ನಾವು ಅದನ್ನು ನಿಲ್ಲಿಸಿದ ಜಾಗದ್ದು.

ಹೊರಗಿನದೆಂಬ ಒಂದೇ ಕಾರಣಕ್ಕೆ ದೂರುವುದಾದರೆ ನಮ್ಮ ಅಡುಗೆಮನೆಯಲ್ಲಿ ಮೆಣಸಿನಕಾಯಿಯೂ ಆಲೂಗಡ್ಡೆಯೂ ಉಳಿಯಲಾರವು. ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂದು ಪುಸ್ತಕವನ್ನೇ ಬರೆದರು. ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕವಿದ್ದರೆ ಬೇಸಗೆಯಲ್ಲಿ ನಮ್ಮ ಕಣ್ಣಿನಲ್ಲಿರುವುದು ಮಡಗಾಸ್ಕರ್. ಸವಣೂರಿನ ಮಠದ ಆವರಣದಲ್ಲಿ ದೊಡ್ಡಹುಣಸೆ ಎಂದು ಕರೆಸಿಕೊಂಡು ನಿಂತಿರುವ ಮೂರು ಹೆಮ್ಮರಗಳು ಆಫ್ರಿಕದ ಬಾವೊಬಾಬ್‌ಗಳು. ಅವನ್ನು ಪರದೇಶಿ ಎಂದು ಯಾರೂ ಕಡಿಯಹೊರಟಿಲ್ಲ, ಹೊರಡಬಾರದು ಕೂಡ.

ಹಾಗೆಂದು ಎಲ್ಲೆಡೆ ಗುಲ್‌ಮೊಹರನ್ನೇ ನೆಡುತ್ತ ಹೋಗುವುದೂ ಸರಿಯಲ್ಲ. ಅದು ಚೆಲುವಿಗಾಗಿ ಬಂದ ಮರ. ಮುತ್ತುಗಕ್ಕೂ ಬೂರುಗಕ್ಕೂ ಈ ನೆಲದ ಹಕ್ಕಿ, ಜೇನು, ಅರಗಿನ ಹುಳುಗಳೊಂದಿಗೆ ಇರುವ ಸಾವಿರಾರು ವರ್ಷಗಳ ಒಡನಾಟ ಅದಕ್ಕಿಲ್ಲ. ಹಳ್ಳಿಯ ಗೋಮಾಳ, ಕೆರೆಯ ಏರಿ, ಬಯಲುಸೀಮೆಯ ಹೆದ್ದಾರಿಗಳ ಬದಿಯಲ್ಲಿ ಮುತ್ತುಗ, ಬೂರುಗ, ಹಾಲುವಾಣ, ಹೊಂಗೆಗಳಿಗೆ ಮೊದಲ ಮಣೆ ಸಲ್ಲಬೇಕು. ಇಕ್ಕಟ್ಟಿನ ಬೀದಿಗಳಲ್ಲಿ ಹೊಸದಾಗಿ ಗುಲ್‌ಮೊಹರ್ ಬೇಡ. ಶಾಲೆ, ಆಟದ ಮೈದಾನ, ಉದ್ಯಾನಗಳ ವಿಶಾಲವಾದ ಅಂಗಳವಿದ್ದಲ್ಲಿ, ಬೇರಿಗೆ ಮಣ್ಣೂ ಹಂದರಕ್ಕೆ ಆಕಾಶವೂ ಸಿಗುವಲ್ಲಿ ಅದು ಇರಲಿ. ಈಗಾಗಲೇ ನಿಂತಿರುವ ಹಳೆಯ ಮರಗಳ ಬುಡವನ್ನಾದರೂ ಕಾಂಕ್ರೀಟಿನಿಂದ ಬಿಡಿಸಿದರೆ ಅರ್ಧ ಅಪಾಯ ತಪ್ಪೀತು.

ಒಂದು ಮರವನ್ನು ದಿನವೂ ನೋಡುವುದು ಬೇರೆ, ಅರಿಯುವುದು ಬೇರೆ ಎಂಬುದನ್ನು ಗುಲ್‌ಮೊಹರ್‌ನಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಇನ್ನೊಂದಿರಲಾರದು. ಇಡೀ ಜಗತ್ತು ನೂರು ವರ್ಷ ಅದರ ನೆರಳಿನಲ್ಲಿ ಕುಳಿತಿತ್ತು. ಅದರ ಕಾಡು ಎಲ್ಲಿ ಎಂದು ತಿಳಿದವರು ಆ ಕಾಡಿನ ಅಂಚಿನ ಜನರಷ್ಟೇ ಇದ್ದಿರಬೇಕು. ನಮ್ಮ ಬಯಲುಗಳಲ್ಲಿ ಮುತ್ತುಗದ ಸಂಗತಿಯೂ ಈಗ ಹಾಗೆಯೇ ಆಗುತ್ತಿದೆ. ಅದರ ಎಲೆಯಲ್ಲಿ ಉಂಡವರು ಇನ್ನೂ ನಮ್ಮ ನಡುವೆ ಇದ್ದಾರೆ, ಮರವನ್ನು ಗುರುತಿಸಬಲ್ಲ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಈ ಬೇಸಗೆಯ ರಜೆಯಲ್ಲಿ ಮಕ್ಕಳಿಗೆ ಗುಲ್‌ಮೊಹರ್ ತೋರಿಸಿ ಮಡಗಾಸ್ಕರ್‌ನ ಕಥೆ ಹೇಳುವವರು, ಮುಂದಿನ ಶಿವರಾತ್ರಿಯ ಹೊತ್ತಿಗೆ ಅವರನ್ನು ಕರೆದೊಯ್ದು ಒಂದು ಮುತ್ತುಗದ ಮರವನ್ನೂ ತೋರಿಸಿದರೆ ಒಳ್ಳೆಯದು.